ಬೆನ್ನುಹುರಿಯೂ ಪಾಠ ಕಲಿಯುವುದು

ಪಾರ್ಶ್ವವಾಯುವನ್ನು ನಮ್ಮ ಜನರು ಲಕ್ವವೆಂದು ಕರೆಯುವರು. ಈ ರೋಗವು ಹೊಕ್ಕ ಮನೆಯಲ್ಲಿ, ಪ್ರಾಣವೊಂದು ಉಳಿಯಿತೆಂದು ಎಲ್ಲರೂ ಸಮಾಧಾನ ತಾಳುವಷ್ಟರಲ್ಲಿಯೇ ಮತ್ತೊಂದು ಕಷ್ಟವು ಮೆಲ್ಲಗೆ ತಲೆದೋರುವುದುಂಟು. ಮೊದಲು ಜೋಲುಬಿದ್ದಿದ್ದ ಕಾಲು ಕೆಲವು ವಾರಗಳಲ್ಲಿ ಬಿಗಿಯುತ್ತ ಬರುವುದು. ಹೆಜ್ಜೆಯಿಡಹೋದರೆ ಹಿಮ್ಮಡಿಯು ಮೇಲಕ್ಕೇಳುವುದು, ಬೆರಳುಗಳು ನೆಲವನ್ನು ಕೆರೆಯುವುವು. ಇದನ್ನು ಕಂಡು, “ಮನಸ್ಸು ಮಾಡಿದರೆ ನಡೆಯಬಹುದು, ಇದೆಲ್ಲ ಆಲಸ್ಯ” ಎಂದು ರೋಗಿಯನ್ನು ಗದರಿಸುವವರೂ ಇದ್ದಾರೆ. ಈ ಮಾತು ನ್ಯಾಯವಾದದ್ದಲ್ಲ. ಅದು ಏಕೆ ನ್ಯಾಯವಲ್ಲವೆಂಬುದನ್ನೂ, ಆ ಬಿಗಿತವನ್ನು ತಗ್ಗಿಸಲು ವಿದ್ವಾಂಸರು ಕಂಡುಕೊಂಡಿರುವ ಒಂದು ನೂತನ ಮಾರ್ಗವನ್ನೂ ನಾವು ಇಲ್ಲಿ ವಿವರಿಸಲೆಳಸುವೆವು.

ವೈದ್ಯರು ಮಂಡಿಚಿಪ್ಪಿನ ಕೆಳಗೆ ಚಿಕ್ಕ ಸುತ್ತಿಗೆಯಿಂದ ತಟ್ಟಿದೊಡನೆ ಕಾಲು ತಾನಾಗಿ ಮುಂದಕ್ಕೆ ಚಿಮ್ಮುವುದನ್ನು ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ನೋಡಿರಬಹುದು. ತಟ್ಟಿದಾಗ ಸ್ನಾಯುವು ತಟಕ್ಕನೆ ಹಿಗ್ಗುವುದು. ಹಿಗ್ಗಿದ ಸುದ್ದಿಯನ್ನು ಒಂದು ನರವು ಬೆನ್ನುಹುರಿಗೆ ಒಯ್ಯುವುದು. ಬೆನ್ನುಹುರಿಯು ಮಿದುಳಿನ ಅಪ್ಪಣೆಗೆ ಕಾಯದೆ, ಕುಗ್ಗೆಂದು ಅದೇ ಸ್ನಾಯುವಿಗೆ ಆಜ್ಞೆ ಕಳುಹಿಸುವುದು. ಇದಕ್ಕೆ ಪರಾವರ್ತಿತ ಕ್ರಿಯೆಯೆಂದು ಹೆಸರು. ಇಂಥ ಕ್ರಿಯೆಗಳನ್ನು ಕುರಿತು ಆಳವಾಗಿ ಶೋಧಿಸಿದ ಆಂಗ್ಲ ಪಂಡಿತ ಚಾರ್ಲ್ಸ್ ಷೆರಿಂಗ್ಟನ್ ಅವರು 1932ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡರು.

ಮಿದುಳು ಈ ಕ್ರಿಯೆಯನ್ನು ಆರಂಭಿಸುವುದಿಲ್ಲವಾದರೂ ಅದನ್ನು ಹದದಲ್ಲಿಡುವುದು. ಆರೋಗ್ಯವಂತರ ಮೀನಖಂಡದಲ್ಲಿ ಈ ಕ್ರಿಯೆಯು ನಿಂತಾಗ ಬಲವಾಗಿಯೂ, ನಡೆಯುವಾಗ ಅದಕ್ಕಿಂತ ಕಡಿಮೆಯಾಗಿಯೂ ಇರುವುದು. ಪಾದವು ನೆಲ ಬಿಟ್ಟು ಮುಂದಕ್ಕೆ ತೂಗುವಾಗಲಂತೂ ಬಹುಮಟ್ಟಿಗೆ ಅಡಗಿರುವುದು. ಪಾರ್ಶ್ವವಾಯುವಿನಲ್ಲಿ ಮಿದುಳಿನ ಒಂದು ಭಾಗಕ್ಕೆ ರಕ್ತವು ನಿಂತು, ಇಲ್ಲವೆ ಅಲ್ಲಿ ರಕ್ತನಾಳವು ಒಡೆದು, ಈ ಹದವು ಕೆಡುವುದು. ಅಡಗಬೇಕಾದ ಸಮಯದಲ್ಲಿ ಕ್ರಿಯೆಯು ಅಡಗದು. ಕಾಲನ್ನು ಎಷ್ಟು ವೇಗವಾಗಿ ಹಿಗ್ಗಿಸಿದರೆ ಅಷ್ಟು ಬಲವಾಗಿ ಸ್ನಾಯುವು ಎದುರು ನಿಲ್ಲುವುದು. ಇದೇ ಆ ಸೆಡೆತ. ರೋಗಿಯ ಮನಸ್ಸು ಇದಕ್ಕೆ ಹೊಣೆಯಲ್ಲ.

ಹಾಗಾದರೆ ತಾನಾಗಿ ನಡೆಯುವ ಕ್ರಿಯೆಗೆ ಶಿಕ್ಷಣ ಕೊಡಲಾದೀತೇ? ಆಗದೆಂದೇ ಬಹುಜನರು ಎಣಿಸುವರು. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಆಲ್ಬನಿ ಪಟ್ಟಣದಲ್ಲಿರುವ ವ್ಯಾಡ್ಸ್‌ವರ್ತ್ ಕೇಂದ್ರದಲ್ಲಿ ಡಾಕ್ಟರ್ ಜೊನಾಥನ್ ವೋಲ್ಪಾ ಅವರೂ ಸಂಗಡಿಗರೂ 1980ರ ದಶಕದಲ್ಲಿ ಈ ಪ್ರಶ್ನೆಯನ್ನು ಪರೀಕ್ಷಿಸಿದರು. ಕೋತಿಯ ತೋಳಿನ ಪರಾವರ್ತಿತ ಕ್ರಿಯೆಯು ಬೇಕಾದಷ್ಟು ಹೆಚ್ಚಿದಾಗ ಅಥವಾ ತಗ್ಗಿದಾಗ ಮಾತ್ರ ಅದಕ್ಕೆ ಬಹುಮಾನ ದೊರೆಯುವಂತೆ ಅವರು ಏರ್ಪಡಿಸಿದರು. ಒಂದೆರಡು ದಿನಗಳಲ್ಲಲ್ಲ, ವಾರಗಟ್ಟಲೆ ಅಭ್ಯಾಸದ ತರುವಾಯ ಕ್ರಿಯೆಯು ಬದಲಾಯಿತು. ಬದಲಾವಣೆಯ ಗುರುತು ಬೆನ್ನುಹುರಿಯಲ್ಲಿಯೇ ನೆಲೆಗೊಂಡಿತು. ಬೆನ್ನುಹುರಿಗೆ ಗಾಯವಾಗಿ ಕುಂಟುತ್ತಿದ್ದ ಇಲಿಗಳ ನಡಿಗೆಯನ್ನು ಇಂಥ ಶಿಕ್ಷಣದಿಂದ ಸರಿಪಡಿಸಬಹುದೆಂದು 2006ರಲ್ಲಿ ಪ್ರಕಟವಾಯಿತು.

ಮನುಷ್ಯರಲ್ಲಿ ಈ ಶಿಕ್ಷಣದ ಕ್ರಮವು ಹೀಗಿದೆ. ರೋಗಿಯು ಆಧಾರ ಹಿಡಿದು ನಿಲ್ಲುವನು. ಮಂಡಿಯ ಹಿಂದಿರುವ ನರಕ್ಕೆ ವಿದ್ಯುತ್ತಿನ ಸಣ್ಣ ಸ್ಪರ್ಶವನ್ನು ಕೊಡುವರು. ಸೆಕೆಂಡಿನ ನೂರರಲ್ಲಿ ಮೂರು ಪಾಲಿನಷ್ಟು ಕಾಲದಲ್ಲಿ ಮೀನಖಂಡವು ಉತ್ತರ ಕೊಡುವುದು. ಈ ಉತ್ತರವನ್ನು 1910ರಲ್ಲಿ ವರ್ಣಿಸಿದವರು ಜರ್ಮನಿಯ ಪಾಲ್ ಹಾಫ್‌ಮನ್. ಅದಕ್ಕೆ ಅವರ ಹೆಸರಿನ ಮೊದಲಕ್ಷರದಿಂದ ಎಚ್-ರಿಫ್ಲೆಕ್ಸ್ ಎಂದು ಹೆಸರಾಯಿತು. ಎದುರಿನ ಪರದೆಯ ಮೇಲೆ ಉತ್ತರದ ಅಳತೆಯು ಒಂದು ಕಂಬದ ಆಕಾರದಲ್ಲಿ ಕೂಡಲೆ ಮೂಡುವುದು. ಕಂಬವು ಗೊತ್ತಾದ ಗೆರೆಗಿಂತ ಕೆಳಗಿದ್ದರೆ ಹಸುರು, ಮೇಲಿದ್ದರೆ ಕೆಂಪು. ಕಾಲನ್ನು ಸುಮ್ಮನೆ ಸಡಿಲಬಿಟ್ಟು ಗೆಲ್ಲುವಂತಿಲ್ಲ, ಸ್ನಾಯುವಿನ ಮೊದಲಿನ ಬಿಗಿಯು ಒಂದೇ ಸಮನಾಗಿದ್ದರೆ ಮಾತ್ರ ಸ್ಪರ್ಶವನ್ನು ಕೊಡುವರು. ಒಂದು ಪಾಠಕ್ಕೆ ಸುಮಾರು ಒಂದು ಗಂಟೆ, 225 ಪ್ರಯತ್ನಗಳು. ವಾರಕ್ಕೆ ಮೂರು ಪಾಠಗಳಂತೆ ಒಟ್ಟು 30 ಪಾಠಗಳು.

“ಕ್ರಿಯೆಯನ್ನು ತಗ್ಗಿಸುವುದು ಹೇಗೆ?” ಎಂದು ಕೇಳಿದರೆ ಮಾತಿನಲ್ಲಿ ತಿಳಿಸಿಕೊಡಬಲ್ಲ ಗುರುವಿಲ್ಲ. ಬಾಲಕಿಯೊಬ್ಬಳು ದುಂಡಾದ ಅಕ್ಷರ ಬರೆಯಲು ಕಲಿತದ್ದನ್ನು ನೆನೆಯೋಣ. ಯಾವ ಬೆರಳನ್ನು ಎಷ್ಟು ಒತ್ತಬೇಕೆಂದು ಅವಳಿಗೆ ಯಾರೂ ಹೇಳಲಾರರು; ಬರೆದದ್ದು ಸರಿಯೋ ತಪ್ಪೋ ಎಂಬುದನ್ನು ಆಗಿಂದಾಗ ತೋರಿಸಬಲ್ಲೆವು, ಅಷ್ಟೇ. ಉಳಿದುದನ್ನು ಅವಳ ಕೈಯೇ ಕಲಿತುಕೊಳ್ಳುವುದು. ಇಲ್ಲಿಯೂ ಹಾಗೆಯೇ. ಮೊದಲ ಕೆಲವು ಪಾಠಗಳಲ್ಲಿ ಪಾಠದ ವೇಳೆಯಲ್ಲಿ ಮಾತ್ರ ಕ್ರಿಯೆಯು ಕೊಂಚ ತಗ್ಗುವುದು. ಮಿದುಳು ದಿನದಿನವೂ ಅದೇ ಆಜ್ಞೆಯನ್ನು ಕಳುಹಿಸುತ್ತ ಬರಲು, ಕ್ರಮೇಣ ಬೆನ್ನುಹುರಿಯೇ ಮಾರ್ಪಟ್ಟು, ಪಾಠ ಮುಗಿದ ಮೇಲೂ ಆ ಗುಣವನ್ನು ಉಳಿಸಿಕೊಳ್ಳುವುದು.

ಐಕೊ ಥಾಮ್ಸನ್ ಎಂಬ ವಿದುಷಿಯೂ ಡಾಕ್ಟರ್ ವೋಲ್ಪಾ ಅವರೂ ಸಂಗಡಿಗರೊಡನೆ 2013ರಲ್ಲಿ ಪ್ರಕಟಿಸಿದ ಫಲಿತಾಂಶವು ಗಮನಾರ್ಹವಾದದ್ದು. ಬೆನ್ನುಹುರಿಯು ಅರೆಬರೆಯಾಗಿ ಗಾಯಗೊಂಡು ಕಾಲು ಸೆಡೆತಿದ್ದ ಒಂಬತ್ತು ಮಂದಿಗೆ ಈ ಶಿಕ್ಷಣ ಕೊಡಲು, ಆರು ಮಂದಿಯಲ್ಲಿ ಕ್ರಿಯೆಯು ತಗ್ಗಿತು. ಮೂರು ತಿಂಗಳ ಅನಂತರವೂ ತಗ್ಗಿಯೇ ಇತ್ತು. ನಡಿಗೆಯ ವೇಗವು ಹೆಚ್ಚಿತು, ಎಡಬಲ ಹೆಜ್ಜೆಗಳು ಸಮವಾಗುತ್ತ ಬಂದುವು. ಒಂದು ಕಾಲಿನ ಒಂದೇ ಕ್ರಿಯೆಗೆ ಪಾಠವಾದರೂ ಎರಡು ಕಾಲುಗಳ ಸ್ನಾಯುಗಳೂ ಸುಧಾರಿಸಿದುವು.

ಆದರೆ ಆಶೆಯು ವಿವೇಕವನ್ನು ಮೀರಬಾರದು. ಇವರು ಬೆನ್ನುಹುರಿಯ ಗಾಯದವರು, ಪಾರ್ಶ್ವವಾಯುವಿನವರಲ್ಲ. ಪಾರ್ಶ್ವವಾಯುವಿನಲ್ಲಿ ಸೆಡೆತದ ಬಗೆಯು ಹೋಲುವುದಾದರೂ, ಇಲ್ಲಿ ಗಾಯವಾಗಿರುವುದು ಆಜ್ಞೆ ಕೊಡಬೇಕಾದ ಮಿದುಳಿಗೇ. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ಮುಖ್ಯ ಮಾರ್ಗವನ್ನು ಕತ್ತರಿಸಿದ ಇಲಿಗಳು ಈ ಪಾಠವನ್ನು ಕಲಿಯಲಾರದೆ ಹೋದುವು. ಆದಕಾರಣ ಆ ಮಾರ್ಗವು ರೋಗಿಯಲ್ಲಿ ಎಷ್ಟು ಉಳಿದಿದೆಯೆಂಬುದು ಮುಖ್ಯವಾದ ವಿಷಯ. ಈ ಶಿಕ್ಷಣವು ಇನ್ನೂ ಸಂಶೋಧನಾಲಯಗಳಿಗೆ ಸೇರಿದುದು. ಪ್ರತಿ ಆಸ್ಪತ್ರೆಯಲ್ಲಿ ದೊರೆಯುವಂಥದಲ್ಲ, ವ್ಯಾಯಾಮ ಚಿಕಿತ್ಸೆಗೂ ಔಷಧಕ್ಕೂ ಬದಲಾಗಿ ನಿಲ್ಲುವಂಥದೂ ಅಲ್ಲ.

ಹಾಗಿದ್ದರೂ ಇದರಿಂದ ಮನೆಗೆ ಒಯ್ಯತಕ್ಕ ಬುದ್ಧಿಯುಂಟು. ಸೆಡೆತ ಕಾಲನ್ನು ಬಲಾತ್ಕಾರದಿಂದ ಜಗ್ಗಬಾರದು. ಚಿಕಿತ್ಸಕರು ತೋರಿಸಿದಂತೆ ಮೆಲ್ಲಮೆಲ್ಲನೆ ನೀಡಿಸಬೇಕು. ಹೇಳಿಕೊಟ್ಟ ಅಭ್ಯಾಸವನ್ನು ನಾಲ್ಕು ದಿನಗಳಲ್ಲಿ ಗುಣ ಕಾಣಲಿಲ್ಲವೆಂದು ಬಿಡಬಾರದು. ವಿದ್ಯಾರ್ಥಿನಿಯರೇ, ನಿಮ್ಮ ಅಜ್ಜನೋ ಅಜ್ಜಿಯೋ ಗೋಡೆ ಹಿಡಿದು ಹೆಜ್ಜೆಯಿಡುವಾಗ ಅವಸರಪಡಿಸಬೇಡಿರಿ. ಹೆಜ್ಜೆ ಸರಿಬಿದ್ದಾಗ ಸರಿಯಿತ್ತೆಂದು ಒಡನೆಯೇ ತಿಳಿಸಿರಿ. ತಪ್ಪಿದಾಗ ಹಂಗಿಸದೆ ಮತ್ತೊಮ್ಮೆ ಪ್ರಯತ್ನಿಸಗೊಡಿರಿ. ಕಲಿಯುವ ಶಕ್ತಿಯು ಬಾಲ್ಯಕ್ಕೆ ಮಾತ್ರ ಮೀಸಲಲ್ಲ. ಗಾಯಗೊಂಡ ಶರೀರದಲ್ಲಿಯೂ ಅದು ತಾಳ್ಮೆಯ ಗುರುವಿಗಾಗಿ ಕಾದಿರುವುದು.