ತಂಪು ಗಾಳಿಯೆಲ್ಲ ಹೊಸ ಗಾಳಿಯಲ್ಲ

ಬೆಂಗಳೂರು: ಕೊಠಡಿ ತಂಪಾಗಿದ್ದರೆ ಅಲ್ಲಿನ ಗಾಳಿಯೂ ಶುದ್ಧವೆಂದು ಭಾವಿಸುವವರೇ ಹೆಚ್ಚು. ಈ ನಂಬಿಕೆ ಎಷ್ಟು ಅಪಾಯಕಾರಿ ಎಂಬುದಕ್ಕೆ ಚೀನಾದ ಗುವಾಂಗ್‌ಝೌ ನಗರದ ರೆಸ್ಟೋರೆಂಟ್ ಒಂದರ ಪ್ರಕರಣ ಸಾಕ್ಷಿಯಾಗಿದೆ.

2020ರ ಜನವರಿ 24ರಂದು ಅಲ್ಲಿನ ಮೂರನೇ ಮಹಡಿಯಲ್ಲಿ ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಮೂರು ಕುಟುಂಬಗಳು ಮಧ್ಯಾಹ್ನದ ಊಟಕ್ಕೆ ಕುಳಿತಿದ್ದವು. ಹಿಂದಿನ ದಿನ ವುಹಾನ್‌ನಿಂದ ಬಂದಿದ್ದ ಕುಟುಂಬದ ಒಬ್ಬರಿಗೆ ಕೋವಿಡ್ ಸೋಂಕು ತಗುಲಿತ್ತು. ಫೆಬ್ರುವರಿ 5ರ ಹೊತ್ತಿಗೆ ಈ ಮೂರು ಕುಟುಂಬಗಳ ಇನ್ನೂ 9 ಮಂದಿಯಲ್ಲಿ ಅದು ಕಾಣಿಸಿಕೊಂಡಿತು. ಅದೇ ಮಹಡಿಯಲ್ಲಿ ಓಡಾಡುತ್ತಿದ್ದ ಪರಿಚಾರಕರಿಗೆ ಏನೂ ಆಗಲಿಲ್ಲ!

ಕಾರಣ ಗಾಳಿಯ ಹಾದಿಯಲ್ಲಿತ್ತು. ಅಲ್ಲಿ ಕಿಟಕಿಗಳಿರಲಿಲ್ಲ, ಗಾಳಿಯನ್ನು ಹೊರದೂಡುವ ಫ್ಯಾನ್‌ಗಳು ನಿಂತಿದ್ದವು. ಗೋಡೆಯ ಎ.ಸಿ. ಯಂತ್ರವು ಈ ಮೂರು ಮೇಜುಗಳ ಮೇಲಿನ ಗಾಳಿಯನ್ನೇ ಎಳೆದು, ತಣಿಸಿ, ಮತ್ತೆ ಅವರತ್ತಲೇ ಊದುತ್ತಿತ್ತು. ಒಬ್ಬೊಬ್ಬರಿಗೆ ದೊರೆಯುತ್ತಿದ್ದ ಹೊರಗಿನ ಗಾಳಿ ಸೆಕೆಂಡಿಗೆ ಸುಮಾರು 1 ಲೀಟರ್ ಮಾತ್ರ ಎಂದು ನಂತರದ ಅಧ್ಯಯನ ಲೆಕ್ಕಹಾಕಿತು. ಕಚೇರಿ, ಶಾಲೆಗಳಂತಹ ಕಟ್ಟಡಗಳಲ್ಲಿ ಇದು ಕನಿಷ್ಠ 10 ಲೀಟರ್ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿತು.

ನಮ್ಮ ಮನೆ, ಕ್ಲಿನಿಕ್, ಟ್ಯೂಷನ್ ಕೇಂದ್ರಗಳಲ್ಲಿ ಬಳಕೆಯಲ್ಲಿರುವ ಸಾಮಾನ್ಯ ಸ್ಪ್ಲಿಟ್ ಎ.ಸಿ.ಗಳ ಕೆಲಸವೂ ಇಷ್ಟೇ. ಹೊರಗಿನ ಘಟಕವು ಶಾಖವನ್ನು ಹೊರಹಾಕುತ್ತದೆಯೇ ಹೊರತು ಗಾಳಿಯನ್ನು ಒಳತರುವುದಿಲ್ಲ. ಕೊಳ್ಳುವಾಗ ಇದನ್ನು ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಪರಿಹಾರಕ್ಕೆ ಭಾರೀ ಯಂತ್ರಗಳೇ ಬೇಕೆಂದಿಲ್ಲ. ಪೆರುವಿನ ರಾಜಧಾನಿ ಲೀಮಾದ 8 ಆಸ್ಪತ್ರೆಗಳಲ್ಲಿ ಕ್ಷಯರೋಗ ಹರಡುವಿಕೆಯ ಕುರಿತು ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಕಿಟಕಿ ಬಾಗಿಲುಗಳನ್ನು ತೆರೆದಾಗ ಕೊಠಡಿಯ ಗಾಳಿ ಗಂಟೆಗೆ 28 ಬಾರಿ ಬದಲಾಗುತ್ತಿತ್ತು. ಯಂತ್ರದಿಂದ ಗಾಳಿಯಾಡುವ ಪ್ರತ್ಯೇಕ ಕೊಠಡಿಗಳಲ್ಲಿ ಈ ಪ್ರಮಾಣ 12. ಅದಕ್ಕಿಂತಲೂ ಸ್ವಾರಸ್ಯಕರ ಸಂಗತಿಯೆಂದರೆ, ಎತ್ತರದ ಛಾವಣಿ ಹಾಗೂ ದೊಡ್ಡ ಕಿಟಕಿಗಳ, 50 ವರ್ಷಕ್ಕೂ ಹಳೆಯ ಕಟ್ಟಡಗಳಲ್ಲಿ ಅದು 40 ಇದ್ದರೆ, ಹೊಸ ಕಟ್ಟಡಗಳಲ್ಲಿ ಕೇವಲ 17.

ಆದರೆ ಕಿಟಕಿ ತೆರೆಯುವುದು ಎಲ್ಲೆಡೆಯೂ ಸುಲಭವಲ್ಲ. ವಾಹನ ದಟ್ಟಣೆಯ ರಸ್ತೆಗೆ ಮುಖಮಾಡಿದ ಕೊಠಡಿಗೆ ಹೊಗೆ, ದೂಳು ನುಗ್ಗುತ್ತವೆ. ಸಂಜೆ ಸೊಳ್ಳೆಗಳ ಕಾಟ. ಅಂಥಲ್ಲಿ ಹಿಂಬದಿಯ ಕಿಟಕಿಗೆ ಸೊಳ್ಳೆ ಪರದೆ ಹಾಕಿ ತೆರೆದಿಟ್ಟು, ಎದುರು ಗೋಡೆಯ ಮೇಲ್ಭಾಗದಲ್ಲಿ ಎಕ್ಸಾಸ್ಟ್ ಫ್ಯಾನ್ ಅಳವಡಿಸಬಹುದು. ಕಿಟಕಿಯ ಪಕ್ಕದಲ್ಲೇ ಫ್ಯಾನ್ ಇಟ್ಟರೆ ಬಂದ ಗಾಳಿ ಕೊಠಡಿಯನ್ನು ಸುತ್ತದೆಯೇ ಹೊರಟುಹೋಗುತ್ತದೆ.

ಕೊಠಡಿಯ ಸ್ಥಿತಿ ಅರಿಯಲು ಇಂಗಾಲದ ಡೈ ಆಕ್ಸೈಡ್ ಅಳೆಯುವ ಚಿಕ್ಕ ಮಾಪಕಗಳು ದೊರೆಯುತ್ತವೆ. ಹೊರಗಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ ಸುಮಾರು 420 ಭಾಗದಷ್ಟಿರುತ್ತದೆ, ನಾವು ಬಿಡುವ ಉಸಿರಿನಲ್ಲಿ ಸುಮಾರು 40,000. ತರಗತಿಯ ಮಾಪಕ ಸದಾ 1,000 ದಾಟಿ ನಿಂತಿದ್ದರೆ, ಅಲ್ಲಿ ಕುಳಿತ ಮಕ್ಕಳು ಪರಸ್ಪರರ ಉಸಿರನ್ನೇ ಸೇವಿಸುತ್ತಿದ್ದಾರೆ ಎಂದರ್ಥ.