ಉಬ್ಬಸ ನಿಂತರೂ ಉರಿಯೂತ ನಿಲ್ಲುವುದಿಲ್ಲ

ಹಬ್ಬಕ್ಕೆಂದು ಅಟ್ಟ ಗುಡಿಸಿ, ಹಳೆಯ ಹಾಸಿಗೆ ಕೊಡವಿದ ದಿನ ದೂಳಿನ ಅಲರ್ಜಿ ಇರುವ ಅಸ್ತಮಾ ರೋಗಿಗೆ ಕೆಲವೇ ನಿಮಿಷಗಳಲ್ಲಿ ಎದೆ ಬಿಗಿಯುತ್ತದೆ, ಉಸಿರಿನೊಡನೆ ಸುಯ್ ಎಂಬ ಸದ್ದು ಏಳುತ್ತದೆ. ನೀಲಿ ಇನ್ಹೇಲರ್ ಎಳೆದುಕೊಂಡರೆ ಹಾಯೆನಿಸುತ್ತದೆ. ಆದರೆ ಎಷ್ಟೋ ಜನರಲ್ಲಿ ನಾಲ್ಕರಿಂದ ಎಂಟು ಗಂಟೆಗಳ ನಂತರ, ದೂಳೆಲ್ಲ ಅಡಗಿದ ಮೇಲೆ, ಉಬ್ಬಸ ಮರಳಿ ಬರುತ್ತದೆ. ಈ ಎರಡನೆಯ ಉಬ್ಬಸದ ಕಾರಣ ತಿಳಿದರೆ, ಯಾವ ಔಷಧಿ ಏಕೆ ಬೇಕು ಎಂಬುದೂ ತಿಳಿಯುತ್ತದೆ.

ಮನೆಯ ದೂಳಿನಲ್ಲಿ ಸುಮಾರು 0.3 ಮಿಲಿಮೀಟರ್ ಉದ್ದದ ಹುಳಗಳಿರುತ್ತವೆ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ಅವುಗಳ ಆಹಾರ. ಹಾಸಿಗೆ, ದಿಂಬು ಅವುಗಳ ವಾಸಸ್ಥಾನ. ಅವುಗಳ ಹಿಕ್ಕೆಯಲ್ಲಿರುವ ಒಂದು ಕಿಣ್ವ ಶ್ವಾಸನಾಳದ ಒಳಪದರದ ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಬೆಸುಗೆಯನ್ನೇ ಕಡಿಯುತ್ತದೆ. ಪೆಟ್ಟು ತಿಂದ ಪದರ ಟಿಎಸ್‌ಎಲ್‌ಪಿ, ಇಂಟರ್‌ಲ್ಯೂಕಿನ್-33 ಮೊದಲಾದ ಸಂಕೇತ ಪ್ರೋಟೀನುಗಳನ್ನು ಸುರಿಸುತ್ತದೆ. ಅಲರ್ಜಿಯ ಒಲವಿರುವ ದೇಹದಲ್ಲಿ ಈ ಕರೆಗೆ ಎಚ್ಚೆತ್ತ ಬಿಳಿರಕ್ತಕಣಗಳು ಇಂಟರ್‌ಲ್ಯೂಕಿನ್ 4, 5 ಮತ್ತು 13ನ್ನು ತಯಾರಿಸತೊಡಗುತ್ತವೆ. ನಾಲ್ಕನೆಯದು ಐಜಿಇ ಎಂಬ ಪ್ರತಿಕಾಯ ಹುಟ್ಟಲು ಕಾರಣ. ಐದನೆಯದು ಇಯೊಸಿನೊಫಿಲ್ ಎಂಬ ರಕ್ತಕಣಗಳನ್ನು ಬೆಳೆಸಿ ಬದುಕಿಸುತ್ತದೆ. ಹದಿಮೂರನೆಯದು ಕಫ ಹೆಚ್ಚಿಸಿ, ಶ್ವಾಸನಾಳ ಅಲ್ಪ ಪ್ರಚೋದನೆಗೂ ಮುದುಡುವಂತೆ ಮಾಡುತ್ತದೆ.

ಐಜಿಇಯನ್ನು 1960ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಡೆನ್ವರ್‌ನಲ್ಲಿದ್ದ ಜಪಾನಿನ ಇಶಿಝಾಕಾ ದಂಪತಿ ಮತ್ತು ಸ್ವೀಡನ್ನಿನ ಯೊಹಾನ್ಸನ್, ಬೆನ್ನಿಚ್ ಬೇರೆಬೇರೆಯಾಗಿ ಪತ್ತೆಹಚ್ಚಿದರು. ಶ್ವಾಸನಾಳದ ಮಾಸ್ಟ್ ಕೋಶಗಳ ಮೇಲೆ ಅದು ಕಾದು ಕುಳಿತಿರುತ್ತದೆ. ಮುಂದಿನ ಸಲ ಅದೇ ದೂಳು ಒಳಹೊಕ್ಕು ಐಜಿಇಗೆ ಅಂಟಿದೊಡನೆ ಮಾಸ್ಟ್ ಕೋಶ ಹಿಸ್ಟಮಿನ್, ಲ್ಯೂಕೊಟ್ರೈನ್‌ಗಳನ್ನು ಹೊರಚೆಲ್ಲುತ್ತದೆ. ಶ್ವಾಸನಾಳದ ಸ್ನಾಯು ಬಿಗಿಯುತ್ತದೆ. ಇದು ಮೊದಲನೆಯ ಉಬ್ಬಸ. ಅಷ್ಟರಲ್ಲೇ ಇಯೊಸಿನೊಫಿಲ್‌ಗಳಿಗೆ ಕರೆ ಹೋಗಿರುತ್ತದೆ. ಗಂಟೆಗಳ ನಂತರ ಅವು ಬಂದು ನೆರೆದಾಗ ಒಳಪದರ ಬಾತುಕೊಳ್ಳುತ್ತದೆ, ಕಫ ಕಟ್ಟುತ್ತದೆ. ಎರಡನೆಯ ಉಬ್ಬಸ ಈ ಉರಿಯೂತದ ಫಲ. ಇದು ವರ್ಷಗಟ್ಟಲೆ ಮುಂದುವರಿದರೆ ಶ್ವಾಸನಾಳದ ಗೋಡೆಯೇ ದಪ್ಪಗಾಗುತ್ತದೆ.

ನೀಲಿ ಇನ್ಹೇಲರಿನಲ್ಲಿರುವ, 1969ರಲ್ಲಿ ಬಳಕೆಗೆ ಬಂದ ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ನಿಮಿಷಗಳಲ್ಲಿ ಸಡಿಲಿಸುತ್ತದೆ. ಉರಿಯೂತವನ್ನು ಅದು ತಗ್ಗಿಸುವುದಿಲ್ಲ. ಆ ಕೆಲಸ 1972ರಲ್ಲಿ ಬ್ರಿಟನ್ನಿನಲ್ಲಿ ಬಂದ ಬೆಕ್ಲೊಮೆಥಸೋನ್ ಹಾಗೂ ನಂತರದ ಬುಡೆಸೊನೈಡ್‌ನಂಥ ಸ್ಟಿರಾಯ್ಡ್ ಇನ್ಹೇಲರುಗಳದು. ಸ್ಟಿರಾಯ್ಡ್ ಕೋಶದೊಳಗೆ ಹೋಗಿ, ತನ್ನ ಗ್ರಾಹಕದ ಜೊತೆಗೂಡಿ ಕೋಶಕೇಂದ್ರವನ್ನು ಸೇರಿ, ಉರಿಯೂತದ ಪ್ರೋಟೀನುಗಳನ್ನು ಬರೆಯುವ ಜೀನುಗಳ ಕೆಲಸ ನಿಲ್ಲಿಸುತ್ತದೆ. ಆದ್ದರಿಂದಲೇ ಅದರ ಪೂರ್ಣ ಫಲ ಕಾಣಲು ದಿನಗಳು, ವಾರಗಳು ಬೇಕು. ದಿನನಿತ್ಯ ತಪ್ಪದೆ ತೆಗೆದುಕೊಳ್ಳಬೇಕು. ಮಾಂಟೆಲುಕಾಸ್ಟ್ ಮಾತ್ರೆ ಲ್ಯೂಕೊಟ್ರೈನ್ ಒಂದಕ್ಕೇ ಅಡ್ಡ ನಿಲ್ಲುವುದರಿಂದ ಸಾಮಾನ್ಯವಾಗಿ ಅದರ ಬಲ ಕಡಿಮೆ.

ಇವುಗಳಿಗೂ ಬಗ್ಗದ ತೀವ್ರ ಅಸ್ತಮಾಕ್ಕೆ ಈಗ ಚುಚ್ಚುಮದ್ದುಗಳಿವೆ. ಓಮಲಿಝುಮಾಬ್ ಐಜಿಇಯನ್ನು ಹಿಡಿಯುತ್ತದೆ. ಡುಪಿಲುಮಾಬ್ ಇಂಟರ್‌ಲ್ಯೂಕಿನ್ 4 ಮತ್ತು 13ರ ದಾರಿ ಮುಚ್ಚುತ್ತದೆ. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೆಝೆಪೆಲುಮಾಬ್ ಸರಪಣಿಯ ಆರಂಭದಲ್ಲಿರುವ ಟಿಎಸ್‌ಎಲ್‌ಪಿಯನ್ನೇ ತಡೆಯುತ್ತದೆ. ಇಂಟರ್‌ಲ್ಯೂಕಿನ್-5ನ್ನು ತಡೆಯುವ ಮೆಪೊಲಿಝುಮಾಬ್‌ನ ಕಥೆಯಲ್ಲೊಂದು ಪಾಠವಿದೆ. ಇಯೊಸಿನೊಫಿಲ್ ಲೆಕ್ಕಿಸದೆ ರೋಗಿಗಳನ್ನು ಸೇರಿಸಿಕೊಂಡ ಆರಂಭದ ಪ್ರಯೋಗಗಳಲ್ಲಿ ಅದು ಸೋತಿತ್ತು. ಇಯೊಸಿನೊಫಿಲ್ ಹೆಚ್ಚಿದ್ದು ಪದೇಪದೇ ಉಲ್ಬಣಿಸುವ ರೋಗಿಗಳನ್ನೇ ಆಯ್ದು ನೀಡಿದಾಗ ಉಲ್ಬಣಗಳು ಗಣನೀಯವಾಗಿ ಇಳಿದವು ಎಂದು 2009ರ ಅಧ್ಯಯನಗಳು ತೋರಿಸಿದವು. ಯಾರ ಅಸ್ತಮಾವನ್ನು ಯಾವ ದಾರಿ ನಡೆಸುತ್ತಿದೆ ಎಂದು ನೋಡಿ ಮದ್ದು ಕೊಡುವ ಕ್ರಮ ಹೀಗೆ ನೆಲೆಯೂರಿತು.

ಆದರೆ ಬಹುಪಾಲು ರೋಗಿಗಳಿಗೆ ಇಂಥ ದುಬಾರಿ ಮದ್ದು ಬೇಕಿಲ್ಲ; ನಿಯಮಿತವಾಗಿ ಬಳಸಿದ ಸ್ಟಿರಾಯ್ಡ್ ಇನ್ಹೇಲರೇ ಸಾಕು. ಹದಿಹರೆಯದವರು ಮತ್ತು ವಯಸ್ಕರು ಸಾಲ್ಬುಟಮಾಲ್ ಒಂದನ್ನೇ ನೆಚ್ಚಬಾರದು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಲ್ಲೇ ಹೇಳಿದೆ. ನಮ್ಮಲ್ಲಿ ಮಾತ್ರ ಇನ್ಹೇಲರ್ ಎಂದರೆ ಕೊನೆಯ ಮದ್ದು, ಹಿಡಿದರೆ ಬಿಡಲಾಗದ ಚಟ ಎಂಬ ಭಯ ಇನ್ನೂ ಹೋಗಿಲ್ಲ. ನಿಜವೆಂದರೆ, ಮಾತ್ರೆಯ ಸ್ಟಿರಾಯ್ಡ್ ಮಿಲಿಗ್ರಾಂ ಲೆಕ್ಕದ್ದು. ಇನ್ಹೇಲರಿನದು ಮೈಕ್ರೊಗ್ರಾಂ ಲೆಕ್ಕದ್ದು, ಅದೂ ನೇರ ಶ್ವಾಸನಾಳಕ್ಕೇ ತಲುಪುವಂಥದ್ದು. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗಿದರೆ ಬಾಯಿಹುಣ್ಣಿನ ಶಿಲೀಂಧ್ರವೂ ಬಹುಮಟ್ಟಿಗೆ ತಪ್ಪುತ್ತದೆ.

ನಿಮ್ಮ ಮನೆಯಲ್ಲಿ ಉಬ್ಬಸದವರಿದ್ದರೆ, ಅವರು ಬಳಸುವ ಇನ್ಹೇಲರಿನಲ್ಲಿ ಉರಿಯೂತ ತಗ್ಗಿಸುವ ಔಷಧಿ ಇದೆಯೇ ಎಂದು ವೈದ್ಯರನ್ನು ಕೇಳಿ. ಇದ್ದರೆ, ಉಸಿರಾಟ ಸಲೀಸಾಯಿತೆಂದು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬೇಡಿ.