ನೆನಪು ಕಳೆದುಕೊಂಡ ಆಟ

ಹತ್ತು ವರ್ಷ ಕಾಯಿಸಿದ ವಿಡಿಯೊ ಗೇಮ್ ಒಂದು 2024ರ ಅಕ್ಟೋಬರ್ 31ರಂದು, ಸರಿಯಾಗಿ ನಮ್ಮ ನರಕ ಚತುರ್ದಶಿಯ ದಿನ, ಬಿಡುಗಡೆಯಾಯಿತು. ಹೆಸರು ‘ಡ್ರ್ಯಾಗನ್ ಏಜ್: ದಿ ವೇಲ್‌ಗಾರ್ಡ್’. ಮೂರು ತಿಂಗಳೂ ತುಂಬಿರಲಿಲ್ಲ, 2025ರ ಜನವರಿಯಲ್ಲಿ ಅದರ ಮಾಲೀಕ ಕಂಪನಿ ಎಲೆಕ್ಟ್ರಾನಿಕ್ ಆರ್ಟ್ಸ್ ಒಂದು ಲೆಕ್ಕ ಮುಂದಿಟ್ಟಿತು. ಆ ತ್ರೈಮಾಸಿಕದಲ್ಲಿ ಆಟ ತಲುಪಿದ್ದು ಸುಮಾರು 15 ಲಕ್ಷ ಆಟಗಾರರನ್ನು; ಕಂಪನಿ ಇಟ್ಟುಕೊಂಡಿದ್ದ ನಿರೀಕ್ಷೆಗಿಂತ ಹತ್ತಿರ ಹತ್ತಿರ ಅರ್ಧದಷ್ಟು ಕಡಿಮೆ.

ಯಾಕೆ ಹೀಗಾಯಿತು ಎಂಬುದಕ್ಕೆ ಕಂಪನಿಯವರು ತಮ್ಮದೇ ಕಾರಣ ಕೊಟ್ಟರು. ಸರಣಿಯ ನಾಲ್ಕೂ ಆಟಗಳನ್ನು ಮುಗಿಸಿರುವ ಧಾರವಾಡದ ಈ ಅಭಿಮಾನಿಯ ಉತ್ತರ ಮಾತ್ರ ಚಿಕ್ಕದು. ಚಿತ್ರ ಚೆಂದ ಇತ್ತು, ಕಾದಾಟ ಚುರುಕಾಗಿತ್ತು, ಬರವಣಿಗೆ ಸೋತಿತ್ತು.

ಓದಿ ಆಡುವ ಆಟ

ಗೇಮ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬಿಜಿಎಂಐ. ಮೊಬೈಲ್ ಹಿಡಿದು ನಾಲ್ವರು ಸೇರಿ ಗುಂಡು ಹಾರಿಸುವ ಆಟ. ನಾನು ಹೇಳುತ್ತಿರುವುದು ರೋಲ್ ಪ್ಲೇಯಿಂಗ್ ಗೇಮ್ ಬಗ್ಗೆ. ಇಲ್ಲಿ ನೀವೇ ಒಂದು ಪಾತ್ರ. ಕತ್ತಿ ಬೀಸುವುದಕ್ಕಿಂತ ಹೆಚ್ಚು ಹೊತ್ತು ಮಾತಾಡುತ್ತೀರಿ. ಎದುರಿನವನು ಏನೋ ಕೇಳುತ್ತಾನೆ, ಪರದೆಯ ಮೇಲೆ ನಾಲ್ಕೈದು ಉತ್ತರ ಕಾಣುತ್ತವೆ, ಒಂದನ್ನು ಆರಿಸಬೇಕು. ಆ ಆಯ್ಕೆಯಿಂದ ಮುಂದಿನ ಕಥೆ ಬದಲಾಗುತ್ತದೆ.

ಕೆನಡಾದ ಬಯೋವೇರ್ ಸ್ಟುಡಿಯೊ 2009ರ ನವೆಂಬರ್‌ನಲ್ಲಿ ತಂದ ‘ಡ್ರ್ಯಾಗನ್ ಏಜ್: ಒರಿಜಿನ್ಸ್’ ಅಂಥ ಆಟ. ಪ್ರಧಾನ ಬರಹಗಾರ ಡೇವಿಡ್ ಗೇಡರ್. ಅದು ಹಳೆಯದಾದ ಮೇಲೆ, ಅಂದರೆ ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ದೊಡ್ಡಪ್ಪನ ಮಗನ ಕಂಪ್ಯೂಟರಿನಲ್ಲಿ ನನ್ನ ಕೈಗೆ ಸಿಕ್ಕಿತು. ನಾನು ಕನ್ನಡ ಮೀಡಿಯಂ ಹುಡುಗ. ಆ ಆಟದಲ್ಲಿ ನಮ್ಮ ಪಾತ್ರಕ್ಕೆ ದನಿ ಇಲ್ಲ. ಹೇಳಬೇಕಾದ ಮಾತು ಪೂರ್ತಿ ವಾಕ್ಯವಾಗಿ ಪರದೆಯ ಮೇಲೆ ಬರುತ್ತದೆ. ಓದದೆ ಒತ್ತಿದರೆ ಗೆಳೆಯ ವೈರಿಯಾಗುತ್ತಾನೆ. ಹಾಗಾಗಿ ಪಕ್ಕದಲ್ಲಿ ಡಿಕ್ಷನರಿ, ಒಂದು ನೂರು ಪುಟದ ನೋಟ್‌ಬುಕ್. ಟ್ರೆಚರಿ, ಎಕ್ಸೈಲ್, ರೀಜೆಂಟ್ ಎಂಬ ಶಬ್ದಗಳನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ. “ಅಣ್ಣಾ, ರೀಜೆಂಟ್ ಅಂದ್ರ ಏನು?” ಅಂತ ಕೇಳಿದರೆ ಅವನು, “ರಾಜಾ ಇಲ್ಲದಾಗ ರಾಜ್ಯಾ ನೋಡ್ಕೊಳ್ಳಾಂವ. ಆಟ ನಿಲ್ಸಬ್ಯಾಡ, ಮುಂದ ಓದು” ಅನ್ನುತ್ತಿದ್ದ.

ಆ ಆಟದ ಒಂದು ಪ್ರಸಂಗ ಹೇಳುತ್ತೇನೆ. ನೆಲದಡಿಯ ಕುಬ್ಜರ ನಗರ ಓರ್ಜಮಾರ್. ರಾಜ ಸತ್ತಿದ್ದಾನೆ, ಗಾದಿಗೆ ಇಬ್ಬರು. ಒಬ್ಬ ಹ್ಯಾರೋಮಾಂಟ್, ಮಾತಿಗೆ ತಪ್ಪದ ಹಿರಿಯ. ಇನ್ನೊಬ್ಬ ರಾಜಕುಮಾರ ಬೇಲನ್, ಸ್ವಂತ ಅಣ್ಣನ ಸಾವಿನ ಹಿಂದೆ ಇದ್ದವನು. ಯಾರನ್ನು ಕೂರಿಸುತ್ತೀರಿ? ಎಲ್ಲರೂ ಮೊದಲ ಸಲ ಒಳ್ಳೆಯವನನ್ನೇ ಆರಿಸುತ್ತಾರೆ. ಆದರೆ ಆ ನಗರದಲ್ಲಿ ಜಾತಿ ಇದೆ. ಜಾತಿಯೇ ಇಲ್ಲದವರು ಎಂದು ಕರೆಸಿಕೊಂಡವರ ಮುಖಕ್ಕೆ ಹುಟ್ಟಿದಾಗಲೇ ಹಚ್ಚೆ ಹಾಕುತ್ತಾರೆ. ಅವರಿಗೆ ಮರ್ಯಾದೆಯ ಕೆಲಸವಿಲ್ಲ, ಕೊಳಕು ಕೇರಿ ಬಿಟ್ಟರೆ ಜಾಗವಿಲ್ಲ. ಒಳ್ಳೆಯ ಹಿರಿಯ ಸಂಪ್ರದಾಯ ಬಿಡುವವನಲ್ಲ, ಅವನ ಕಾಲದಲ್ಲಿ ಜಾತಿ ಕಟ್ಟು ಇನ್ನೂ ಬಿಗಿಯಾಗುತ್ತದೆ. ಕೊಲೆಗಡುಕ ರಾಜಕುಮಾರನೇ ಆ ಜನರಿಗೆ ಬಾಗಿಲು ತೆರೆಯುತ್ತಾನೆ. ಇದೆಲ್ಲ ಗೊತ್ತಾಗುವುದು ಆಟದ ಕಡೆಯಲ್ಲಿ, ಪರದೆಯ ಮೇಲೆ ಮೂಡುವ ಕೆಲವೇ ಸಾಲುಗಳಿಂದ. ಅದನ್ನು ಓದಿ ನಾನು ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಜಾತಿಯ ಬಗ್ಗೆ ಪಠ್ಯಪುಸ್ತಕದಲ್ಲಿ ಓದಿದ್ದು ಪರೀಕ್ಷೆಗೆ. ಒಳ್ಳೆಯ ಮನುಷ್ಯ ಕೆಟ್ಟ ವ್ಯವಸ್ಥೆಯನ್ನು ಕಾಯಬಲ್ಲ ಎಂಬುದು ಮನಸ್ಸಿಗೆ ಇಳಿದದ್ದು ಆ ದಿನ.

ಮೂರೇ ನೆನಪು

ಈ ಸರಣಿಯ ದೊಡ್ಡ ಆಕರ್ಷಣೆ ನೆನಪು. ಒಂದು ಆಟದಲ್ಲಿ ಮಾಡಿದ್ದು ಮುಂದಿನದಕ್ಕೆ ಸಾಗುತ್ತಿತ್ತು. ಯಾರನ್ನು ರಾಜ ಮಾಡಿದಿರಿ, ಯಾರನ್ನು ಕ್ಷಮಿಸಿದಿರಿ ಎಂಬ ನಿಮ್ಮ ಇತಿಹಾಸವನ್ನು ದಾಖಲಿಸಲೆಂದೇ 2014ರಲ್ಲಿ ‘ಡ್ರ್ಯಾಗನ್ ಏಜ್ ಕೀಪ್’ ಎಂಬ ವ್ಯವಸ್ಥೆ ಮಾಡಿದ್ದರು.

ಇಳಿಜಾರು ಒಂದೇ ದಿನ ಬಂದದ್ದಲ್ಲ. ಮೊದಲ ಆಟ ಬಂದ 16 ತಿಂಗಳಿಗೇ, 2011ರ ಮಾರ್ಚ್‌ನಲ್ಲಿ, ಎರಡನೆಯದು ಬಂತು. ಅವಸರ ಕಣ್ಣಿಗೆ ಹೊಡೆಯುತ್ತಿತ್ತು. ಅದೇ ಗುಹೆ ಮತ್ತೆ ಮತ್ತೆ. ಪೂರ್ತಿ ವಾಕ್ಯದ ಉತ್ತರಗಳು ಹೋಗಿ ಎರಡು ಮೂರು ಶಬ್ದದ ಸೂಚನೆ ಬಂತು, ಜತೆಗೆ ಇದು ಮೃದು ಮಾತು, ಇದು ತಮಾಷೆ, ಇದು ಸಿಟ್ಟು ಎಂದು ತಿಳಿಸುವ ಚಿಕ್ಕ ಗುರುತು. ಆದರೂ ಒಂದೇ ಊರಿನಲ್ಲಿ ಒಂದು ಕುಟುಂಬ ಕರಗಿಹೋಗುವ ಅದರ ಕಥೆಗೆ ಗಟ್ಟಿತನ ಇತ್ತು. 2014ರ ‘ಇನ್‌ಕ್ವಿಸಿಶನ್’ಗೆ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಅತ್ಯುತ್ತಮ ಆಟದ ಪ್ರಶಸ್ತಿಯೂ ಬಂತು. ಗಿಡಮೂಲಿಕೆ ಹೆಕ್ಕು, ಕುರಿ ಮಾಂಸ ತಂದುಕೊಡು ಎಂಬಂಥ ಚಿಲ್ಲರೆ ಕೆಲಸಗಳು ಅದರಲ್ಲಿ ತುಂಬಿದ್ದವು. ಅದನ್ನೂ ಅಭಿಮಾನಿಗಳು ಸಹಿಸಿದೆವು, ಏಕೆಂದರೆ ಸೋಲಸ್ ಎಂಬ ಪಾತ್ರ ಕೊನೆಗೆ ಕಥೆಯನ್ನು ಎಂಥ ತಿರುವಿನಲ್ಲಿ ತಂದು ನಿಲ್ಲಿಸಿತ್ತೆಂದರೆ ಹತ್ತು ವರ್ಷ ಕಾಯಲು ಅದು ಸಾಕಿತ್ತು.

ಕಾದಿದ್ದಕ್ಕೆ ಸಿಕ್ಕಿದ್ದು ‘ವೇಲ್‌ಗಾರ್ಡ್’. ಅದು ಹಿಂದಿನ ಕಥೆಯಿಂದ ಕೇಳುವುದು ಮೂರೇ ಪ್ರಶ್ನೆ, ಮೂರೂ ‘ಇನ್‌ಕ್ವಿಸಿಶನ್’ಗೆ ಸೇರಿದವು: ಯಾರನ್ನು ಪ್ರೀತಿಸಿದಿರಿ, ನಿಮ್ಮ ಪಡೆಯನ್ನು ಉಳಿಸಿದಿರೋ ವಿಸರ್ಜಿಸಿದಿರೋ, ಸೋಲಸ್‌ನನ್ನು ತಡೆಯುವ ಶಪಥವೋ ಬದಲಾಯಿಸುವ ಶಪಥವೋ. ಓರ್ಜಮಾರ್‌ನ ರಾಜ ಯಾರು ಎಂದು ಕೇಳುವುದೇ ಇಲ್ಲ. ಬದಲಿಗೆ, ನಾವು ಮೂರು ಆಟ ಓಡಾಡಿ ಉಳಿಸಿದ ದಕ್ಷಿಣದ ಸೀಮೆ ಕುಸಿಯುತ್ತಿದೆ ಎಂಬ ಸುದ್ದಿ ಆಗಾಗ ಪತ್ರದಲ್ಲಿ ಬರುತ್ತದೆ. ಊರು ಮುಳುಗಿದ್ದನ್ನು ಅಂಚೆಯಲ್ಲಿ ತಿಳಿಸಿದ ಹಾಗೆ.

ಪಾತ್ರಗಳ ಕಥೆಯೂ ಇದೇ. ಆಂಟಿವಾದ ‘ಕ್ರೋಸ್’ ಎಂಬುದು ಹಂತಕರ ಸಂಘ. ಮಕ್ಕಳನ್ನು ದುಡ್ಡು ಕೊಟ್ಟು ಕೊಂಡು ಕೊಲೆಗಾರರನ್ನಾಗಿ ಬೆಳೆಸುತ್ತಿತ್ತು ಎಂಬುದನ್ನು ಮೊದಲ ಆಟದಲ್ಲಿ ಜೆವ್ರಾನ್ ಎಂಬಾತ ತನ್ನದೇ ಬಾಲ್ಯವಾಗಿ ಹೇಳುತ್ತಾನೆ. ಹೊಸ ಆಟದಲ್ಲಿ ಅದೇ ಸಂಘ ಊರು ಕಾಯುವ ದೇಶಭಕ್ತರ ಪಡೆ. ಟೆವಿಂಟರ್ ಎಂದರೆ ಗುಲಾಮರ ಬೆನ್ನ ಮೇಲೆ ನಿಂತ ಸಾಮ್ರಾಜ್ಯ ಎಂದು ಮೂರು ಆಟಗಳಲ್ಲಿ ಕೇಳಿದ್ದೆವು. ಕೊನೆಗೂ ಅದರ ರಾಜಧಾನಿಗೆ ಕಾಲಿಟ್ಟರೆ ಗುಲಾಮಗಿರಿ ಕಣ್ಣಿಗೆ ಬೀಳುವುದೇ ಅಪರೂಪ. ಜತೆಗಾರರಲ್ಲಿ ಸಣ್ಣ ಮುನಿಸು ಬಂದರೂ ಕೂತು ಮಾತಾಡಿ ಸರಿಮಾಡಿಕೊಳ್ಳುತ್ತಾರೆ. ಮೊದಲ ಆಟದಲ್ಲಿ ದ್ರೋಹಿ ಲೋಗೇನ್‌ನನ್ನು ನೀವು ಕ್ಷಮಿಸಿ ಪಡೆಗೆ ಸೇರಿಸಿಕೊಂಡರೆ, ಅಲ್ಲಿಯವರೆಗೂ ಹೆಗಲಿಗೆ ಹೆಗಲು ಕೊಟ್ಟ ಅಲಿಸ್ಟರ್ ನಿಮ್ಮನ್ನು ಬಿಟ್ಟೇ ಹೋಗುತ್ತಿದ್ದ. ಎಷ್ಟು ಬೇಡಿಕೊಂಡರೂ ಬರುತ್ತಿರಲಿಲ್ಲ. ಆ ನೋವು ಕೊಡುವ ಧೈರ್ಯವೇ ಬರವಣಿಗೆ.

ಇಲ್ಲಿ ಒಂದು ಮಾತು ಬೇರ್ಪಡಿಸಿ ಹೇಳಬೇಕು. ಈ ಆಟಕ್ಕೆ ಬಂದ ಬೈಗುಳದಲ್ಲಿ ದೊಡ್ಡ ಪಾಲು ಬರವಣಿಗೆ ಕುರಿತದ್ದಾಗಿರಲಿಲ್ಲ. ಗಂಡೂ ಅಲ್ಲದ ಹೆಣ್ಣೂ ಅಲ್ಲದ ಗುರುತಿನ ಪಾತ್ರವೊಂದು ಇದೆ ಎಂಬ ಕಾರಣಕ್ಕೇ, ಆಟ ಮುಟ್ಟದವರೂ ಕೆಂಡ ಕಾರಿದರು. ಆ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ. ಈ ಸರಣಿ ಮೊದಲಿನಿಂದಲೂ ಅಂಚಿನವರಿಗೆ ಜಾಗ ಕೊಟ್ಟದ್ದು. ಅದಕ್ಕೇ ನಮಗೆ ಇಷ್ಟವಾದದ್ದು. ನನ್ನ ತಕರಾರು ಆ ಪಾತ್ರಕ್ಕೂ ಉಳಿದವರಿಗೂ ಸಿಕ್ಕ ತೆಳು ಸಂಭಾಷಣೆಯ ಬಗ್ಗೆ.

ಬರೆಯುವವರು ಎಲ್ಲಿ ಹೋದರು?

ಆಟ ಮುಗಿಸಿದ ಮೇಲೆ ನಾನು ಹಿಂದಿನ ಸುದ್ದಿಗಳನ್ನು ಹುಡುಕಿ ಓದಿದೆ. ಚಿತ್ರ ನಿಧಾನವಾಗಿ ಸ್ಪಷ್ಟವಾಯಿತು. ಗೇಡರ್ 2016ರಲ್ಲಿ ಬಯೋವೇರ್ ಬಿಟ್ಟರು. ನಾಲ್ಕನೆಯ ಆಟವನ್ನು ಕೆಲವು ವರ್ಷ ಎಲ್ಲರೂ ಆನ್‌ಲೈನ್‌ನಲ್ಲಿ ಸೇರಿ ಆಡುವ, ಸದಾ ದುಡ್ಡು ಹುಟ್ಟಿಸುವ ಆಟವಾಗಿ ಕಟ್ಟಲಾಗುತ್ತಿತ್ತು. ಆಮೇಲೆ ಮನಸ್ಸು ಬದಲಾಯಿಸಿ ಮತ್ತೆ ಒಬ್ಬರೇ ಆಡುವ ಕಥೆಯನ್ನಾಗಿ ತಿರುಗಿಸಿದರು. 2023ರ ಆಗಸ್ಟ್‌ನಲ್ಲಿ ಸುಮಾರು 50 ಜನರನ್ನು ಕೆಲಸದಿಂದ ತೆಗೆದರು; ಮೊದಲ ಆಟದಿಂದಲೂ ಇದ್ದ ಬರಹಗಾರ್ತಿ ಮೇರಿ ಕಿರ್ಬಿ ಅವರಲ್ಲೊಬ್ಬರು. ‘ವೇಲ್‌ಗಾರ್ಡ್’ ಬಂದ ಮೇಲೆ, 2025ರ ಆರಂಭದಲ್ಲಿ, ಮತ್ತಷ್ಟು ಜನ ಹೋದರು. ಆ ಆಟದ ಬರವಣಿಗೆಯ ಮುಂದಾಳು ವೀಕ್ಸ್ ಕೂಡ.

ಒಳ್ಳೆಯ ಕಥೆಗೆ ಹೆಸರಾದ ಕಂಪನಿಯೇ ಕ್ರಮೇಣ ಬರಹಗಾರರನ್ನು ಹೊರೆಯಂತೆ ಕಾಣತೊಡಗಿತು ಎಂಬರ್ಥದ ಮಾತನ್ನು ಗೇಡರ್ 2023ರಲ್ಲಿ ಬಹಿರಂಗವಾಗಿಯೇ ಹೇಳಿದ್ದರು. ಓದಿದಾಗ ಎಲ್ಲಕ್ಕೂ ಅರ್ಥ ಬಂತು. ಆಟಕ್ಕೆ ನೆನಪು ಇರುವುದು ಯಂತ್ರದಲ್ಲಲ್ಲ, ಹದಿನೈದು ವರ್ಷದಿಂದ ಆ ಪಾತ್ರಗಳನ್ನು ತಲೆಯಲ್ಲಿಟ್ಟುಕೊಂಡ ಜನರಲ್ಲಿ. ಅವರನ್ನು ಹೊರಗೆ ಕಳಿಸಿದರೆ ಕಥೆ ಮರೆಯುತ್ತದೆ.

“ನೀ ದೊಡ್ಡಾಂವ ಆಗಿ ದೋಸ್ತ. ಆಟ ಹಂಗ ಐತಿ, ನಿನ್ನ ರುಚಿ ಬದಲಾಗೇತಿ” ಎಂದ ರೂಮಿನ ಗೆಳೆಯ. ಇರಬಹುದಿತ್ತು. ಆದರೆ 2023ರಲ್ಲೇ ‘ಬಾಲ್ಡರ್ಸ್ ಗೇಟ್ 3’ ಬಂದಿತ್ತು. ಅದರ ಮೊದಲೆರಡು ಭಾಗಗಳನ್ನು 1998 ಮತ್ತು 2000ದಲ್ಲಿ ಮಾಡಿದ್ದು ಇದೇ ಬಯೋವೇರ್. 23 ವರ್ಷದ ನಂತರ ಬೆಲ್ಜಿಯಂನ ಲಾರಿಯನ್ ಎಂಬ ಬೇರೆ ಸ್ಟುಡಿಯೊ ಮುಂದುವರಿಸಿತು. ಸಂಭಾಷಣೆಯೇ ಪ್ರಾಣವಾದ, ನೂರು ಗಂಟೆ ಹಿಡಿಯಬಲ್ಲ ಆಟ. ಜನ ಮುಗಿಬಿದ್ದು ಕೊಂಡರು, ವರ್ಷದ ಆಟದ ಪ್ರಶಸ್ತಿಯೂ ಅದಕ್ಕೇ. ನನ್ನ ವಯಸ್ಸು ಎರಡೂ ಆಟಕ್ಕೆ ಒಂದೇ ಇತ್ತಲ್ಲ!

ಕೋಳಿವಾಡದ ಪಾಠ

ಕಥೆಯೊಂದನ್ನು ಬೇರೆಯವರು ಮುಂದುವರಿಸುವುದು ನಮಗೆ ಹೊಸದೇನೂ ಅಲ್ಲ. ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡ ಕುಮಾರವ್ಯಾಸನ ಊರು. ವ್ಯಾಸ ಭಾರತ ಸಾವಿರಾರು ವರ್ಷದಿಂದ ಜನಕ್ಕೆ ಗೊತ್ತಿದ್ದ ಕಥೆ. ಅದನ್ನೇ ಆತ ಗದುಗಿನಲ್ಲಿ ಕೂತು ಕನ್ನಡದಲ್ಲಿ ಹತ್ತು ಪರ್ವ ಹಾಡಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಸ್ಥಾನದ ತಿಮ್ಮಣ್ಣ ಕವಿ ಪೂರ್ತಿಗೊಳಿಸಿದ. ಕಥೆ ಯಾರದ್ದಾದರೂ ಆಗಬಹುದು. ನಮ್ಮ ಜನ ನೋಡಿದ್ದು ಭೀಮ ಭೀಮನಾಗಿ ಮಾತಾಡುತ್ತಾನೋ ಇಲ್ಲವೋ ಎಂಬುದನ್ನು. ಇವತ್ತಿಗೂ ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ನೋಡಲು ಕೂತ ಅಜ್ಜಂದಿರಿಗೆ ಮುಂದೇನಾಗುತ್ತದೆ ಎಂಬುದು ಮೊದಲೇ ಗೊತ್ತು. ಸತ್ಯಭಾಮೆಯ ಮಾತು ಸಪ್ಪೆಯಾದರೆ ಮಾತ್ರ ಎದ್ದು ಹೋಗುತ್ತಾರೆ. ‘ಬಾಲ್ಡರ್ಸ್ ಗೇಟ್’ ಅಭಿಮಾನಿಗಳು ಹೊಸಬರನ್ನು ಒಪ್ಪಿದ್ದೂ, ‘ಡ್ರ್ಯಾಗನ್ ಏಜ್’ ಅಭಿಮಾನಿಗಳು ಅದೇ ಕಂಪನಿಯನ್ನು ಒಪ್ಪದೇ ಹೋದದ್ದೂ ಇದೇ ಲೆಕ್ಕಕ್ಕೆ.

ನಮಗೇನು ಸಂಬಂಧ?

“ನೋಟಿಫಿಕೇಶನ್ ಯಾವಾಗ ಬರತೈತಿ ಅಂತ ಚಿಂತಿ ಮಾಡೋದು ಬಿಟ್ಟು, ಯಾವುದೋ ಗೇಮಿನ ಕಥಿ ಹಾಳಾತು ಅಂತ ಕುಂತೀಯಲ್ಲೋ” ಅನ್ನುತ್ತಾರೆ ಸಪ್ತಾಪುರದ ಲೈಬ್ರರಿಯಲ್ಲಿ ಜತೆಗೆ ಓದುವವರು. ನಾನೂ ಅವರಂತೆಯೇ ಕೆಲಸ ಹುಡುಕುತ್ತಿರುವವನು. ಅದಕ್ಕೇ ಈ ವಿಷಯ ನನ್ನನ್ನು ಕಾಡುತ್ತದೆ.

ಅನಿಮೇಶನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಕ್ಕೆ 2012ರಲ್ಲಿ ದೇಶದಲ್ಲೇ ಮೊದಲು ಪ್ರತ್ಯೇಕ ನೀತಿ ತಂದ ರಾಜ್ಯ ನಮ್ಮದು. ಈ ಕ್ಷೇತ್ರದಲ್ಲಿ ಕೆಲಸ ಎಂದರೆ ನಮ್ಮ ಕಾಲೇಜುಗಳಲ್ಲಿ ಕೇಳಿಬರುವುದು ಕೋಡಿಂಗ್, ತ್ರಿಡಿ ಮಾಡೆಲಿಂಗ್. ಬರೆಯುವುದೂ ಒಂದು ಕೆಲಸ, ಅದಕ್ಕೂ ಸಂಬಳ ಇದೆ ಎಂದು ಕನ್ನಡ ಎಂ.ಎ. ಮಾಡಿದವರಿಗೆ ಯಾರೂ ಹೇಳುವುದಿಲ್ಲ. ಹಬ್ಬದ ಕಾರ್ಯಕ್ರಮಕ್ಕೆ ಸ್ಕ್ರಿಪ್ಟ್ ಬೇಕಾದರೆ “ನೀ ಚೊಲೊ ಬರೀತಿ, ಒಂದ್ ಎರಡ್ ಪೇಜ್ ಹಾಕ್ಕೊಡು” ಅನ್ನುತ್ತಾರೆ. ಮೈಕ್ ಸೆಟ್‌ನವನಿಗೆ ದುಡ್ಡು ಕೊಡುತ್ತಾರೆ. ಕೆನಡಾದ ದೊಡ್ಡ ಕಂಪನಿಯಲ್ಲಿ ನಡೆದದ್ದೂ, ನಮ್ಮ ಓಣಿಯಲ್ಲಿ ನಡೆಯುವುದೂ ಬೇರೆ ಬೇರೆ ಅಲ್ಲ. ಈಗ ಎರಡು ಪುಟ ಬೇಕೆಂದರೆ ಯಂತ್ರವೇ ಹಾಕಿಕೊಡುತ್ತದೆ ಎನ್ನುವ ಕಾಲ. ಬರಹ ಎಂದರೆ ಪುಟ ತುಂಬಿಸುವುದು ಎಂದುಕೊಂಡವರಿಗೆ ಅದು ಸಾಕು. ಆದರೆ ಬೇಲನ್ ಮತ್ತು ಹ್ಯಾರೋಮಾಂಟ್ ನಡುವೆ ಒಂಬತ್ತನೇ ತರಗತಿಯ ಹುಡುಗನನ್ನು ನಿಲ್ಲಿಸಿ ಬೆವರಿಳಿಸಿದ್ದು ಯಾರೋ ಕೂತು ಯೋಚಿಸಿ, ಅಳಿಸಿ, ಮತ್ತೆ ಬರೆದ ಸಾಲುಗಳು.

ಸರಣಿಯ ಐದನೆಯ ಆಟ ಬರುತ್ತದೋ ಇಲ್ಲವೋ, ಬಂದರೆ ಆಡುತ್ತೇನೆ. ಟ್ರೇಲರ್ ನೋಡುವ ಮೊದಲು ಬರಹಗಾರರ ಪಟ್ಟಿ ನೋಡುತ್ತೇನೆ, ಅಷ್ಟೇ. ಅಷ್ಟರೊಳಗೆ ಹುಬ್ಬಳ್ಳಿ-ಧಾರವಾಡದ ಯಾವನೋ ಕೋಡಿಂಗ್ ಬಲ್ಲ ಹುಡುಗ, ಯಾವಳೋ ಚಿತ್ರ ಬರೆಯುವ ಹುಡುಗಿ ಸೇರಿ ಕನ್ನಡದಲ್ಲೇ ಇಂಥ ಆಟ ಕಟ್ಟಲು ಹೊರಟರೆ, ಅವರಲ್ಲಿ ನನ್ನದೊಂದೇ ಕೋರಿಕೆ: ತಂಡದ ಮೂರನೆಯ ಕುರ್ಚಿಯನ್ನು ಬರೆಯುವವರಿಗೆ ಇಡಿ. ಅದಕ್ಕೂ ಸಂಬಳ ಬರೆದಿಡಿ.